ಏಳನೆಯ ತರಗತಿ ಮುಗಿಯಿತು, ಮುಂದೆ?

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಬಂದರೆ, ಎಚ್.ಡಿ. ಕೋಟೆ ಪಟ್ಟಣ ಸೇರುವುದಕ್ಕೆ ಸ್ವಲ್ಪ ಮೊದಲು ಹ್ಯಾಂಡ್‌ಪೋಸ್ಟ್ ಸಿಗುತ್ತದೆ. ಸರಗೂರಿನ ಕಡೆ ಹೋಗುವವರು ಇಲ್ಲಿಂದ ಬೇರೆ ದಾರಿ ಹಿಡಿಯುತ್ತಾರೆ. ಹ್ಯಾಂಡ್‌ಪೋಸ್ಟ್ ಎಂದರೆ ಯಾವ ದಾರಿ ಯಾವ ಊರಿಗೆ ಎಂದು ಕೈ ಚಾಚಿ ತೋರಿಸುವ ಕಂಬ. ಚಿಕ್ಕಮಗಳೂರಿನ ಕಡೆ ಇಂಥದ್ದೇ ಜಾಗಕ್ಕೆ 'ಕೈಮರ' ಎಂಬ ಅಚ್ಚಗನ್ನಡದ ಹೆಸರಿದೆ. ಮೇ ತಿಂಗಳ ಕೊನೆ ಬಂತೆಂದರೆ ಇಂಥ ಕೂಡುರಸ್ತೆಗಳಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ವರ್ಗಾವಣೆ ಪತ್ರ ಇಟ್ಟುಕೊಂಡು, ಅಪ್ಪನ ಅಥವಾ ಅವ್ವನ ಪಕ್ಕದಲ್ಲಿ ಬಸ್ಸಿಗಾಗಿ ಕಾಯುವ ಮಕ್ಕಳು ಕಾಣಸಿಗುತ್ತಾರೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿದಿದೆ. ಎಂಟನೆಯದು ಬೇರೆ ಊರಿನ ಪ್ರೌಢಶಾಲೆಯಲ್ಲಿ.

ವಿದ್ಯಾರ್ಥಿ ಮಿತ್ರರೇ, ಈ ಲೇಖನ ಆ ಮಕ್ಕಳಿಗೆ ಮತ್ತು ಅವರ ಜೊತೆ ಬಂದಿರುವ ಹಿರಿಯರಿಗೆ. ಕಾಲೇಜು ಸೇರಿರುವ ಅಣ್ಣ, ಅಕ್ಕಂದಿರು ಇದನ್ನು ಓದಿ ಮನೆಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಲು ಹೊತ್ತು ಸಾಲದ ಕೆಲವು ವಿವರಗಳನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮೊದಲು ಒಂದು ವಿಚಿತ್ರ ಸಂಗತಿ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಒಂದರಿಂದ ಎಂಟನೆಯ ತರಗತಿಯವರೆಗೆ, ಶಿಕ್ಷಣ ಒಂದು ಹಕ್ಕು ಎನ್ನುತ್ತದೆ ಅದು. ನಮ್ಮ ರಾಜ್ಯದಲ್ಲಾದರೋ ಹಿರಿಯ ಪ್ರಾಥಮಿಕ ಶಾಲೆ ಬಹುತೇಕ ಕಡೆ ಏಳಕ್ಕೇ ಮುಗಿಯುತ್ತದೆ, ಪ್ರೌಢಶಾಲೆ ಎಂಟರಿಂದ ಆರಂಭವಾಗುತ್ತದೆ. ಹೀಗಾಗಿ ಎಂಟನೆಯ ತರಗತಿ ಕಟ್ಟಡದ ಲೆಕ್ಕದಲ್ಲಿ ಪ್ರೌಢಶಾಲೆಗೂ ಕಾನೂನಿನ ಲೆಕ್ಕದಲ್ಲಿ ಪ್ರಾಥಮಿಕ ಶಿಕ್ಷಣಕ್ಕೂ ಸೇರಿದೆ. ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಮೊದಲನೆಯದಕ್ಕೆ ಮಾತ್ರ ಈ ಕಾಯಿದೆಯ ಆಸರೆ ಇದೆ.

ಇದರಿಂದ ನಿಮಗೇನು? ಎಂಟನೆಯ ತರಗತಿಗೆ ಸೇರುವಾಗ ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ನಿಮ್ಮನ್ನು ಹಿಂದಕ್ಕೆ ಕಳಿಸುವಂತಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವವರಿಗೆ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ. ಪ್ರವೇಶಕ್ಕಾಗಿ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಹೊಡೆಯುವಂತಿಲ್ಲ, ಮನಸ್ಸಿಗೆ ನೋವಾಗುವಂತೆ ಹೀಯಾಳಿಸುವಂತಿಲ್ಲ. (ಒಂಬತ್ತನೆಯ ತರಗತಿಯವರನ್ನು ಹೊಡೆಯಬಹುದು ಎಂದು ಯಾರೂ ಅರ್ಥಮಾಡಿಕೊಳ್ಳಬೇಡಿ!) ಒಂಬತ್ತು ಮತ್ತು ಹತ್ತಕ್ಕೆ ಪಠ್ಯಪುಸ್ತಕ, ಸಮವಸ್ತ್ರ, ಊಟ ಎಲ್ಲವೂ ಸರ್ಕಾರಿ ಶಾಲೆಯಲ್ಲಿ ಸಿಗುತ್ತವೆ, ನಿಜ. ಮಧ್ಯಾಹ್ನದ ಬಿಸಿಯೂಟವನ್ನು 2007ರಲ್ಲಿ ಹತ್ತನೆಯ ತರಗತಿಯವರೆಗೂ ವಿಸ್ತರಿಸಲಾಯಿತು. ಕೇಂದ್ರದ ಯೋಜನೆ ಎಂಟಕ್ಕೇ ನಿಲ್ಲುವುದರಿಂದ ಮೇಲಿನ ಎರಡು ತರಗತಿಗಳ ಖರ್ಚನ್ನು ರಾಜ್ಯವೇ ಹೊರುತ್ತಿದೆ. ಆದರೆ ಸೌಲಭ್ಯ ಬೇರೆ, ಹಕ್ಕು ಬೇರೆ. ಹದಿನಾಲ್ಕು ದಾಟಿದ ಹುಡುಗ ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಶುಂಠಿ ಹೊಲದ ಕೂಲಿಗೆ ಹೋದರೆ ಅವನನ್ನು ಮರಳಿ ತರಲು ಮೇಷ್ಟ್ರ ಒಳ್ಳೆಯತನವೇ ಆಧಾರ. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿಯೂ ಎಲ್ಲ ಬಗೆಯ ಕೆಲಸವನ್ನು ನಿಷೇಧಿಸಿರುವುದು 14ರ ಒಳಗಿನವರಿಗೆ ಮಾತ್ರ. ಆದ್ದರಿಂದ ಕಾನೂನು ಕೈ ಹಿಡಿದಿರುವ ಈ ಒಂದು ವರ್ಷದಲ್ಲೇ ಹೊಸ ಶಾಲೆಯಲ್ಲಿ ಬೇರು ಬಿಡಬೇಕು. ಹತ್ತನೆಯ ತರಗತಿಯ ಫಲಿತಾಂಶ ಹತ್ತರಲ್ಲಿ ತೀರ್ಮಾನವಾಗುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಪರೀಕ್ಷೆಯ ಕೊಠಡಿಯವರೆಗೆ ಯಾರು ತಲುಪುತ್ತಾರೆ ಎಂಬುದು ಮಾತ್ರ ಬಹುಮಟ್ಟಿಗೆ ಎಂಟರಲ್ಲೇ ತೀರ್ಮಾನವಾಗಿರುತ್ತದೆ.

ಇನ್ನು ಪ್ರವೇಶದ ದಿನ. ಅಂದು ಪೋಷಕರು ಅವಸರ ಮಾಡಬಾರದ ಕೆಲಸ ಒಂದಿದೆ: ದಾಖಲಾತಿ ವಹಿಯಲ್ಲಿ ಏನು ಬರೆದಿದ್ದಾರೆ ಎಂದು ಓದಿಸಿ ಕೇಳುವುದು. ಮಗುವಿನ ಹೆಸರು, ತಂದೆ ಮತ್ತು ತಾಯಿಯ ಹೆಸರು, ಹುಟ್ಟಿದ ದಿನ, ಜಾತಿ, ಇವು ನಾಲ್ಕನ್ನೂ ಗಮನಿಸಿ. ಮೊದಲ ಮೂರು ಇಲ್ಲಿಂದ ಸಾಗಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತವೆ. ಆ ಅಂಕಪಟ್ಟಿಯೇ ಮುಂದೆ ನೌಕರಿ, ಪಾಸ್‌ಪೋರ್ಟು, ಪಿಂಚಣಿ ಎಲ್ಲದಕ್ಕೂ ಹುಟ್ಟಿದ ದಿನದ ಪುರಾವೆ. ಆಧಾರ್ ಕಾರ್ಡಿನಲ್ಲಿ ಒಂದು ಬಗೆ, ವರ್ಗಾವಣೆ ಪತ್ರದಲ್ಲಿ ಇನ್ನೊಂದು ಬಗೆ ಇದ್ದರೆ ಇಂದೇ ಮುಖ್ಯೋಪಾಧ್ಯಾಯರ ಗಮನಕ್ಕೆ ತನ್ನಿ. ಹತ್ತರ ನಂತರ ತಿದ್ದಿಸಬೇಕೆಂದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು, ಕೆಲವೊಮ್ಮೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾದೀತು.

ಈ ತಾಲೂಕಿನಲ್ಲಿ ಜಾತಿಯ ಕಲಮಿಗೆ ಒಂದು ವಿಶೇಷ ತೂಕವಿದೆ. ಜೇನುಕುರುಬರು ಮತ್ತು ಕಾಡುಕುರುಬರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಬರಿದೇ 'ಕುರುಬ' ಎಂದು ಬರೆದರೆ ಅದು ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಹೋಗುತ್ತದೆ. ಅವಸರದಲ್ಲಿ ಬಿಟ್ಟುಹೋದ ಎರಡು ಅಕ್ಷರದ ಒಂದು ಪದ ವಿದ್ಯಾರ್ಥಿವೇತನವನ್ನೂ ಹಾಸ್ಟೆಲಿನ ಸೀಟನ್ನೂ ಕಸಿದುಕೊಳ್ಳಬಲ್ಲದು. ಹಾಡಿಯ ಹಿರಿಯರಿಗೆ ಓದು ಬಾರದಿದ್ದರೆ ಸಂಕೋಚ ಬೇಡ, ಮಗುವಿನ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ನಾಡಕಚೇರಿಯಿಂದ ಪಡೆದ ಜಾತಿ, ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಹಳೆಯ ಶಾಲೆ ಕೊಟ್ಟ ಸ್ಯಾಟ್ಸ್ ಸಂಖ್ಯೆ, ಇವೆರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ವರ್ಷವಿಡೀ ಕೇಳುತ್ತಲೇ ಇರುತ್ತಾರೆ.

ತರಗತಿಯೊಳಗೆ ಹೋಗೋಣ. ಹಳ್ಳಿಯ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಅಥವಾ ಮಿಸ್ಸು ಎರಡು ಮೂರು ವಿಷಯ ಹೇಳಿಕೊಡುತ್ತಿದ್ದರು. ನಿಮ್ಮ ಮನೆ ಯಾವುದು, ನಿಮ್ಮ ಅಜ್ಜಿಗೆ ಹುಷಾರಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಇಲ್ಲಿ ಗಂಟೆ ಹೊಡೆದ ಹಾಗೆಲ್ಲ ಮುಖ ಬದಲಾಗುತ್ತದೆ. ಕನ್ನಡಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ಹಿಂದಿಗೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು. ವಿಜ್ಞಾನವನ್ನು ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುತ್ತಾರೆ. ಗಣಿತದ ಜೊತೆ ಭೌತಶಾಸ್ತ್ರ ಹೇಳುವವರು 'ಪಿ.ಸಿ.ಎಂ. ಮೇಷ್ಟ್ರು', ಜೀವಶಾಸ್ತ್ರದ ಭಾಗ ಹೇಳುವವರು 'ಸಿ.ಬಿ.ಝಡ್. ಮೇಷ್ಟ್ರು'. ಇವು ಅವರು ಬಿ.ಎಸ್ಸಿ.ಯಲ್ಲಿ ಓದಿದ ವಿಷಯಗಳ ಮೊದಲ ಅಕ್ಷರಗಳು. ಹೊಸ ಮಕ್ಕಳು ಇದನ್ನು ಅಡ್ಡಹೆಸರೆಂದು ತಿಳಿದು ನಗುವುದುಂಟು. ಯಾರೂ ನಿಮ್ಮನ್ನು ಪೂರ್ತಿ ಬಲ್ಲವರಲ್ಲ ಎನ್ನುವ ಈ ಹೊಸತನದಲ್ಲಿ ಒಬ್ಬ ಮಗು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕರಗಿಹೋಗುವುದು ಬಹಳ ಸುಲಭ. ಹಾಗಾಗಿ ಮೊದಲ ವಾರದಲ್ಲೇ ತರಗತಿ ಶಿಕ್ಷಕರು ಯಾರೆಂದು ತಿಳಿದುಕೊಳ್ಳಿ. ಹಾಜರಿ ಕರೆಯುವವರು ಅವರೇ, ಮನೆಯ ತೊಂದರೆ ಹೇಳಿಕೊಳ್ಳಬೇಕಾದದ್ದೂ ಅವರಲ್ಲೇ.

ಜೂನ್ ತಿಂಗಳಲ್ಲಿ ಪಠ್ಯಪುಸ್ತಕ ತೆರೆಯುವುದಕ್ಕೂ ಮೊದಲು 'ಸೇತುಬಂಧ' ನಡೆಯುತ್ತದೆ. ಏಳನೆಯವರೆಗೆ ಕಲಿತದ್ದರಲ್ಲಿ ಏನು ಉಳಿದಿದೆ, ಏನು ಜಾರಿಹೋಗಿದೆ ಎಂದು ತಿಳಿಯಲು ಮೊದಲು ಒಂದು ನೈದಾನಿಕ ಪರೀಕ್ಷೆ, ಆಮೇಲೆ ಕೆಲವು ದಿನ ಕೊರತೆ ತುಂಬುವ ಪಾಠ, ಕೊನೆಗೆ ಸಾಫಲ್ಯ ಪರೀಕ್ಷೆ. ನಿದಾನ ಎಂದರೆ ವೈದ್ಯರು ರೋಗದ ಮೂಲ ಹುಡುಕುವುದು. ಈ ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆಯುವವನು ಜ್ವರವಿದ್ದೂ ವೈದ್ಯರ ಮುಂದೆ ಜ್ವರವಿಲ್ಲ ಎಂದು ಹೇಳಿದಂತೆ. ಇಲ್ಲಿ ಬಂದ ಕಡಿಮೆ ಅಂಕ ಯಾವ ಅಂಕಪಟ್ಟಿಗೂ ಹೋಗುವುದಿಲ್ಲ. ಭಾಗಾಕಾರ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುವುದಿಲ್ಲ ಎಂದು ಧೈರ್ಯವಾಗಿ ತೋರಿಸಿಕೊಳ್ಳಲು ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಶಾಲೆ ಶುರುವಾದ ಮೊದಲ ದಿನಗಳಲ್ಲಿ ಪಾಠ ನಡೆಯುವುದಿಲ್ಲ, ಜಾತ್ರೆ ಮುಗಿಸಿಕೊಂಡು ಹೋದರಾಯಿತು ಎಂದು ತಡಮಾಡುವವರು ಕಳೆದುಕೊಳ್ಳುವುದು ಸರಿಯಾಗಿ ಇದನ್ನೇ.

ಎಂಟನೆಯ ತರಗತಿಯ ಯಾವ ಪಾಠ ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ ಎಂದು ಕೇಳಿದರೆ ವಿಜ್ಞಾನ ಪದವೀಧರನಾದ ನಾನು ಹಿಂದೆಮುಂದೆ ನೋಡದೆ ಬೀಜಗಣಿತ ಎನ್ನುತ್ತೇನೆ. ಅಂಕಿಗಳ ನಡುವೆ ಇದ್ದಕ್ಕಿದ್ದಂತೆ 'ಎಕ್ಸ್' ಎಂಬ ಅಕ್ಷರ ಬಂದು ಕೂರುತ್ತದೆ. ಆದರೆ ಅದು ನಿಮ್ಮ ಮನೆಯಲ್ಲಿ ಹಿಂದಿನಿಂದಲೂ ಇದೆ. ನಿಮ್ಮಪ್ಪ ಐದು ಮೂಟೆ ಶುಂಠಿ ಮಾರಿದರು ಎನ್ನಿ. ಸಾಗಣೆಯ ಬಾಡಿಗೆ 500 ರೂಪಾಯಿ ಕಳೆದು ಕೈಗೆ 9,500 ಬಂತು. ಮೂಟೆಗೆ ಎಷ್ಟು ಬಿತ್ತು? ಅಪ್ಪ ಬೆರಳು ಮಡಿಸುತ್ತ, ಬಾಡಿಗೆ ಸೇರಿಸಿದರೆ 10,000, ಐದರಿಂದ ಭಾಗಿಸಿದರೆ 2,000 ಎಂದು ಹೇಳಿಬಿಡುತ್ತಾರೆ. ಪುಸ್ತಕ ಇದನ್ನೇ, ಐದು ಎಕ್ಸ್‌ನಲ್ಲಿ 500 ಕಳೆದರೆ 9,500, ಎಕ್ಸ್ ಎಷ್ಟು ಎಂದು ಬರೆಯುತ್ತದೆ. ಗೊತ್ತಿಲ್ಲದ ಬೆಲೆಗೆ ಇಟ್ಟ ಹೆಸರು ಎಕ್ಸ್. ಅಪ್ಪ ಬಾಡಿಗೆಯನ್ನು ವಾಪಸು ಸೇರಿಸಿದ್ದನ್ನು ಮೇಷ್ಟ್ರು 'ಎರಡೂ ಬದಿಗೆ 500 ಕೂಡಿಸು' ಎನ್ನುತ್ತಾರೆ. ಹಾಗಾದರೆ ಅಕ್ಷರ ಏಕೆ ಬೇಕು? ಒಂದು ಲೆಕ್ಕಕ್ಕೆ ಬೇಕಿಲ್ಲ. ಬೆಲೆ, ಬಾಡಿಗೆ, ಮೂಟೆಯ ಸಂಖ್ಯೆ ಎಲ್ಲ ಬದಲಾಗುತ್ತ ಹೋದಾಗ, ಎಲ್ಲಕ್ಕೂ ಒಂದೇ ದಾರಿ ಬರೆದಿಡಲು ಬೇಕು. ಇಷ್ಟು ತಿಳಿದರೆ ಒಂಬತ್ತು, ಹತ್ತರ ಗಣಿತದಲ್ಲಿ ಬಹುಪಾಲು ಇದರ ಮೇಲೇ ಕಟ್ಟಿದ ಮಹಡಿ.

ಹಾಜರಾತಿಯ ಲೆಕ್ಕವೂ ಹೀಗೇ ಸರಳ, ಆದರೆ ಮಾಡುವವರು ಕಡಿಮೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಶೇಕಡ 75 ಹಾಜರಾತಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆದರೆ 165 ದಿನ ಬಂದಿರಬೇಕು, 55 ದಿನ ಮಾತ್ರ ತಪ್ಪಿಸಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಮಳೆಗಾಲದ ಕೊನೆಗೆ ಹೊಗೆಸೊಪ್ಪು ಮುರಿಯುವ ಕಾಲ. ಎಲೆ ಕಟ್ಟಲು, ಬ್ಯಾರನ್ ಬಳಿ ನಿಲ್ಲಲು ಮನೆಮಂದಿ ಎಲ್ಲ ಬೇಕು. ಡಿಸೆಂಬರಿನಿಂದ ಮುಂದೆ ಕೊಡಗಿನಲ್ಲಿ ಕಾಫಿ ಕೊಯ್ಲು. ಹಾಡಿಗಳಿಂದ ಸಂಸಾರ ಸಮೇತ ತೋಟಗಳಿಗೆ ಹೋಗುವವರಿದ್ದಾರೆ. ಹೊಗೆಸೊಪ್ಪಿಗೆ 20 ದಿನ, ಕಾಫಿಗೆ 40 ದಿನ ಎಂದುಕೊಂಡರೂ 60 ಆಯಿತು. ಕಾಯಿಲೆ, ಮದುವೆ, ಹಬ್ಬಗಳ ಲೆಕ್ಕ ಇದರಲ್ಲಿಲ್ಲ. ನಿಯಮ ಹತ್ತನೆಯ ತರಗತಿಯದು ಎಂದು ಎಂಟರಲ್ಲಿ ಉದಾಸೀನ ಮಾಡುವುದುಂಟು. ಕಾಫಿ ಕಾಲದಲ್ಲಿ ಒಮ್ಮೆ ತಪ್ಪಿದ ಎರಡು ತಿಂಗಳ ಪಾಠ ಮರಳಿ ಸಿಗುವುದಿಲ್ಲ, ಆಮೇಲೆ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದೇ ತಿಳಿಯದೆ ಮಗು ತಾನಾಗಿ ಶಾಲೆ ಬಿಡುತ್ತದೆ. ದುಡಿಯಲು ಹೋಗಲೇಬೇಕಾದ ಸಂಸಾರಕ್ಕೆ ಬುದ್ಧಿ ಹೇಳುವುದು ಸುಲಭ. ಅದರ ಬದಲು ಒಂದು ದಾರಿ ಹೇಳುತ್ತೇನೆ: ಪ್ರವೇಶದ ದಿನವೇ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಕ್ಕೂ ಅರ್ಜಿ ಹಾಕಿ. ಊಟ, ವಸತಿ ಅಲ್ಲಿ ಉಚಿತ. ನೀವು ತೋಟದಲ್ಲಿದ್ದರೂ ಮಗು ಶಾಲೆಯಲ್ಲಿರುತ್ತದೆ.

ಗಿರಿಜನ ಆಶ್ರಮ ಶಾಲೆಯಿಂದ ಬರುವ ಮಕ್ಕಳಿಗೆ ಈ ಬದಲಾವಣೆ ಇನ್ನೂ ಕಠಿಣ. ಅಲ್ಲಿ ಊಟ, ನಿದ್ದೆ, ಪಾಠ ಒಂದೇ ಆವರಣದಲ್ಲಿ, ಸುತ್ತ ತಮ್ಮವರೇ. ಇಲ್ಲಿ ಮನೆಯ ಮಾತೂ ಪುಸ್ತಕದ ಮಾತೂ ಬೇರೆ ಬೇರೆ. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರದ್ದಾದರೂ ಕನ್ನಡವೇ ಅಲ್ಲ. ಎರವರ ನುಡಿ ಮಲಯಾಳದ ಕಡೆಗೆ ವಾಲುತ್ತದೆ. ಆ ಮಗು ಉತ್ತರ ಹೇಳಲು ತಡವರಿಸಿದರೆ ಅದು ದಡ್ಡತನವಲ್ಲ, ಎರಡು ನುಡಿಗಳ ನಡುವಿನ ಪ್ರಯಾಣ. ಸಹಪಾಠಿಗಳೇ, ನಗುವ ಮೊದಲು ಇದನ್ನು ನೆನೆಯಿರಿ. ಇದೇ ಸೀಮೆಯಲ್ಲಿ ಇದಕ್ಕೊಂದು ಉತ್ತರವೂ ಹುಟ್ಟಿದೆ. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯುವ ಆಂದೋಲನ ಸಂಸ್ಥೆ 1988ರಲ್ಲಿ ಬ್ರಹ್ಮಗಿರಿ ಹಾಡಿಯ ಒಂದು ದನದ ಕೊಟ್ಟಿಗೆಯಲ್ಲಿ ಕೆಲವೇ ಮಕ್ಕಳೊಡನೆ ಪಾಠ ಶುರುಮಾಡಿತು. ಅದು ಬೆಳೆದು ಹೊಸಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗಿನ ಗಿರಿಜನ ಮಕ್ಕಳ ಶಾಲೆಯಾಯಿತು. ಒಂದರಿಂದ ಹತ್ತರವರೆಗೆ ಒಂದೇ ಆವರಣದಲ್ಲಿ ಇರುವುದರಿಂದ ಏಳಕ್ಕೂ ಎಂಟಕ್ಕೂ ನಡುವೆ ಅಲ್ಲಿ ಊರು ಬದಲಾಗುವುದಿಲ್ಲ, ಬಸ್ಸು ಹತ್ತಬೇಕಿಲ್ಲ. ಎಲ್ಲ ಶಾಲೆಗಳೂ ಹಾಗಿರಲಾರವು. ಆದರೆ ಮಗು ಎಲ್ಲಿ ಕಳಚಿಕೊಳ್ಳುತ್ತದೆ ಎಂದು ಕಂಡು ಅಲ್ಲೇ ಕೊಂಡಿ ಹಾಕಿದ ಜಾಣ್ಮೆ ಗಮನಿಸಬೇಕಾದದ್ದು.

ಬಸ್ಸಿನ ಮಾತು ಬಂತಲ್ಲ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಹಳ್ಳಿಯ ದಾರಿಗಳೇ ಬದಲಾಗಿದ್ದವು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಹುಡುಗರು ವಿದ್ಯಾರ್ಥಿ ಪಾಸು ಮಾಡಿಸಿಕೊಳ್ಳಬೇಕು. ಕಾಡಂಚಿನ ಊರುಗಳಲ್ಲಿ ಪ್ರಶ್ನೆ ಟಿಕೆಟ್ಟಿನದಲ್ಲ, ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ಎಷ್ಟಕ್ಕೆ, ಇಳಿದು ನಡೆಯುವ ದಾರಿಯಲ್ಲಿ ಆನೆ ಅಡ್ಡ ಬರುತ್ತದೆಯೇ ಎಂಬುದು. ಶಾಲೆ ಆರಿಸುವಾಗ ಅವ್ವಂದಿರು ಇದನ್ನು ಕೇಳಿ. ಜೊತೆಗೆ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ, ಒಳಗೆ ನೀರಿದೆಯೇ ಎಂದು ಕಣ್ಣಾರೆ ನೋಡಿ ಬನ್ನಿ. ಎಂಟನೆಯ ತರಗತಿಯ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಮನೆಯಲ್ಲೇ ಉಳಿಯುವುದಕ್ಕೆ ಬಹುಸಾರಿ ಆ ಚಿಲಕವೇ ಕಾರಣ. ಈ ಮಾತನ್ನು ಟಿ.ವಿ.ಯಲ್ಲಿ ಹೇಳಲು ಒಂದು ಕಾಲದಲ್ಲಿ ಹಿಂಜರಿಯುತ್ತಿದ್ದರು, ಈಗ ಹಾಗಿಲ್ಲ.

ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಪ್ರಶ್ನೆಯನ್ನು ಪೋಷಕರು ಎಲ್ಲಕ್ಕಿಂತ ಮೊದಲು ಕೇಳುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಬೀಜಗಣಿತವೂ ಹೊಸತು, ಶಾಲೆಯೂ ಹೊಸತು ಆಗಿರುವ ವರ್ಷದಲ್ಲೇ ಮಾಧ್ಯಮವನ್ನೂ ಹೊಸತು ಮಾಡಿ ಸೇರಿಸಬೇಡಿ. ಇಂಗ್ಲಿಷ್ ಹೇಗೂ ಒಂದು ಭಾಷೆಯಾಗಿ ಇದ್ದೇ ಇದೆ. ಆದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡಾಗ ಪಾಠ ಇಂಗ್ಲಿಷಿನಲ್ಲಿರುತ್ತದೆ ಎಂಬುದೂ ನಿಜ. ಅದಕ್ಕೆ ಎಂಟರಿಂದಲೇ ಒಂದು ಸಣ್ಣ ನೋಟ್‌ಬುಕ್ ಇಡಿ. ದ್ಯುತಿಸಂಶ್ಲೇಷಣೆ ಎಂದು ಬರೆದ ಕಡೆ ಎದುರಿಗೆ ಫೋಟೋಸಿಂಥೆಸಿಸ್, ಜೀವಕೋಶದ ಎದುರಿಗೆ ಸೆಲ್, ವೇಗೋತ್ಕರ್ಷದ ಎದುರಿಗೆ ಆಕ್ಸಲರೇಶನ್. ದಿನಕ್ಕೆ ಎರಡು ಪದ ಬರೆದರೂ ಮೂರು ವರ್ಷದಲ್ಲಿ ಸಾವಿರ ದಾಟುತ್ತದೆ.

ಹೊಸ ಶಾಲೆಯಲ್ಲಿ ಪ್ರಶ್ನೆ ಕೇಳಲು ನಾಚಿಕೆಯಾಗುವುದು ಸಹಜ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ಜುಲೈಯಿಂದ ಚಂದನ ವಾಹಿನಿಯಲ್ಲಿ 8, 9, 10ನೆಯ ತರಗತಿಗಳಿಗೆ 'ಸಂವೇದ' ಪಾಠಗಳು ಪ್ರಸಾರವಾದವು. ಒಳ್ಳೆಯ ಶಿಕ್ಷಕರು, ಒಳ್ಳೆಯ ಚಿತ್ರಗಳು, ಎಲ್ಲವೂ ಇದ್ದವು. ಆದರೆ ಪರದೆಯ ಮೇಲಿನ ಮೇಷ್ಟ್ರಿಗೆ ನಿಮ್ಮ ಹುಬ್ಬು ಗಂಟಿಕ್ಕಿದ್ದು ಕಾಣುವುದಿಲ್ಲ, 'ಸಾರ್, ಇನ್ನೊಂದು ಸಲ ಹೇಳಿ' ಎಂದರೆ ಕೇಳಿಸುವುದಿಲ್ಲ. ಈ ಮಾಧ್ಯಮದಲ್ಲಿ ವರ್ಷಗಟ್ಟಲೆ ದುಡಿದವನಾಗಿ ಹೇಳುತ್ತೇನೆ, ಎದುರಿಗೆ ನಿಂತ ಶಿಕ್ಷಕರಿಗೆ ಇರುವ ದೊಡ್ಡ ಅನುಕೂಲ ಅದೊಂದೇ. ಅದನ್ನು ಬಳಸಿಕೊಳ್ಳದಿದ್ದರೆ ತರಗತಿಯೂ ಟಿ.ವಿ.ಯಂತೆಯೇ.

ಅಂಕಗಳ ವಿಚಾರ ಚಿಕ್ಕದಾಗಿ. ಎಂಟರಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ಇರುತ್ತವೆ. ಮಕ್ಕಳು ಇವನ್ನು ಎಫ್.ಎ., ಎಸ್.ಎ. ಎನ್ನುತ್ತಾರೆ. ಯೋಜನೆ, ಚಟುವಟಿಕೆ, ಕಿರುಪರೀಕ್ಷೆ ಎಲ್ಲ ಎಫ್.ಎ.ಯಲ್ಲಿ ಸೇರುತ್ತವೆ. ಅಂಗಡಿಯಲ್ಲಿ ಕೊಂಡ ಚಾರ್ಟು ಅಂಟಿಸಿ ಕೊಡುವುದಕ್ಕಿಂತ ನಿಮ್ಮೂರಿನ ಕೆರೆಯ ಬಗ್ಗೆ, ಈ ಸೀಮೆಯ ಕಬಿನಿ, ನುಗು, ತಾರಕ, ಹೆಬ್ಬಳ್ಳ ಜಲಾಶಯಗಳ ಬಗ್ಗೆ ಸ್ವತಃ ಕೇಳಿ ಬರೆದುಕೊಡಿ. ಹತ್ತರಲ್ಲಿ ಇದೇ ಬಗೆಯ ಕೆಲಸಕ್ಕೆ ಗಣಿತ, ವಿಜ್ಞಾನಗಳಲ್ಲಿ 100ಕ್ಕೆ 20 ಅಂಕ ಶಾಲೆಯಲ್ಲೇ ನಿರ್ಧಾರವಾಗುತ್ತದೆ.

ಎಂಟನೆಯ ತರಗತಿಯಲ್ಲಿ ಮಾತ್ರ ಬರೆಯಬಹುದಾದ ಒಂದು ಪರೀಕ್ಷೆ ಇದೆ. ಎನ್.ಎಂ.ಎಂ.ಎಸ್. ಎಂದು ಅದರ ಹೆಸರು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿ 2008ರಿಂದ ಇದೆ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಏಳನೆಯ ತರಗತಿಯಲ್ಲಿ ಶೇಕಡ 55 ಅಂಕ ಇರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 50 ಸಾಕು. ಬೌದ್ಧಿಕ ಸಾಮರ್ಥ್ಯದ್ದೊಂದು, ಪಠ್ಯದ್ದೊಂದು, ಹೀಗೆ ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ. ಆಯ್ಕೆಯಾಗಿ ತಪ್ಪದೆ ತೇರ್ಗಡೆಯಾಗುತ್ತ ಹೋದರೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 48,000. ಕಾನೂನಿನ ಆಸರೆ ಮುಗಿಯುವ ವರ್ಷದಿಂದಲೇ ಈ ಹಣ ಬರತೊಡಗುತ್ತದೆ ಎಂಬುದನ್ನು ಗಮನಿಸಿ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ನಾಡಕಚೇರಿಯಲ್ಲಿ ಅದಕ್ಕೆ ಜೂನ್ ತಿಂಗಳಲ್ಲೇ ಅರ್ಜಿ ಕೊಡಿ, ಪರೀಕ್ಷೆಯ ಪ್ರಕಟಣೆ ಬಂದಿದೆಯೇ ಎಂದು ದಸರಾ ರಜೆಗೆ ಮೊದಲು ಒಮ್ಮೆ, ರಜೆ ಮುಗಿಸಿ ಬಂದ ದಿನ ಇನ್ನೊಮ್ಮೆ ಮುಖ್ಯೋಪಾಧ್ಯಾಯರನ್ನು ಕೇಳಿ.